ನೆರಳಿನ ಅಂಚು ನೋಡಲು ಜೈಪುರಕ್ಕೆ

ಜೈಪುರದ ಹಳೆಯ ಖಗೋಳ ವೀಕ್ಷಣಾಲಯ ಜಂತರ್ ಮಂತರ್ ಇರುವುದು ಸಿಟಿ ಪ್ಯಾಲೇಸ್ ಪಕ್ಕದಲ್ಲೇ. ಹವಾಮಹಲ್‌ನಿಂದ ನಡೆದೇ ಹೋಗಬಹುದು. ನವೆಂಬರ್ ಮೊದಲ ವಾರ ಒಳ್ಳೆಯ ಕಾಲ. ಮೋಡ ಕವಿದ ದಿನ ಬಂದರೆ ಕಟ್ಟಡ ನೋಡಿದ ಹಾಗಾಗುತ್ತದೆಯೇ ಹೊರತು ಯಂತ್ರ ನೋಡಿದ ಹಾಗಲ್ಲ. ಇಲ್ಲಿನ ಬೃಹತ್ ಸಮ್ರಾಟ್ ಯಂತ್ರ ಒಂದು ದೊಡ್ಡ ನೆರಳು ಗಡಿಯಾರ; ಅದರಲ್ಲಿ ಚಲಿಸುವುದು ನೆರಳೊಂದೇ.

1727ರಲ್ಲಿ ಈ ಊರಿಗೆ ಅಡಿಪಾಯ ಹಾಕಿದ, ಈ ಯಂತ್ರಗಳನ್ನೂ ಕಟ್ಟಿಸಿದ ರಾಜ ಸವಾಯಿ ಜೈಸಿಂಗ್ ಆಕಾಶ ವೀಕ್ಷಣೆಗೆ ಮೊದಲು ನಂಬಿದ್ದು ಹಿತ್ತಾಳೆಯ ಉಪಕರಣಗಳನ್ನೇ. ಅವುಗಳ ಅಚ್ಚು ಸವೆಯುತ್ತಿತ್ತು, ಕೇಂದ್ರ ಜರುಗುತ್ತಿತ್ತು. ಗಾತ್ರ ಸಣ್ಣದಾದ್ದರಿಂದ ಸೂಕ್ಷ್ಮ ಗೆರೆ ಕೊರೆಯಲು ಜಾಗವೂ ಇರಲಿಲ್ಲ. ಹಾಗಾಗಿ ಕಲ್ಲು, ಗಾರೆಗೆ ತಿರುಗಿದ.

ಒಳಗೆ ಹೋದವರು ನೇರವಾಗಿ ಬೃಹತ್ ಸಮ್ರಾಟ್ ಯಂತ್ರದ ಬಳಿ ಹೋಗುವುದು ಒಳ್ಳೆಯದು, ಉಳಿದವನ್ನು ಆಮೇಲೆ ನೋಡಬಹುದು. ಸುಮಾರು 27 ಮೀಟರ್ ಎತ್ತರದ ತ್ರಿಕೋನಾಕಾರದ ಗೋಡೆ; ಅದರ ಇಳಿಜಾರು ಅಂಚು ನೆಲಕ್ಕೆ 27 ಡಿಗ್ರಿ. ಅದು ಜೈಪುರದ ಅಕ್ಷಾಂಶ, ಆದ್ದರಿಂದ ಅಂಚು ಭೂಮಿಯ ಅಕ್ಷಕ್ಕೆ ಸಮಾನಾಂತರ. ಎರಡು ಬದಿಗೂ ಕಮಾನಿನಂತೆ ಬಾಗಿದ ಪಟ್ಟಿಗಳು, ತ್ರಿಜ್ಯ ಸುಮಾರು 15 ಮೀಟರ್. ಬೆಳಿಗ್ಗೆ ನೆರಳು ಪಶ್ಚಿಮದ ಪಟ್ಟಿಯ ಮೇಲೆ ಇಳಿಯುತ್ತಾ ಬರುತ್ತದೆ, ಮಧ್ಯಾಹ್ನದ ನಂತರ ಪೂರ್ವದ ಪಟ್ಟಿಯನ್ನು ಏರುತ್ತದೆ. ಗಂಟೆಗೆ ಸುಮಾರು ನಾಲ್ಕು ಮೀಟರ್, ಅಂದರೆ ಸೆಕೆಂಡಿಗೆ ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು. ಪಟ್ಟಿಯ ಹತ್ತಿರ ಬಗ್ಗಿ ಒಂದು ನಿಮಿಷ ನೋಡಿದರೆ ಸಾಕು, ನೆರಳು ನಾಲ್ಕು ಬೆರಳಷ್ಟು ಸರಿಯುವುದು ಕಣ್ಣಿಗೇ ಕಾಣುತ್ತದೆ.

ಎರಡು ಸೆಕೆಂಡಿನವರೆಗೂ ಓದಬಹುದು ಎನ್ನುತ್ತಾರೆ. ಗೆರೆಗಳೇನೋ ಅಷ್ಟು ಸೂಕ್ಷ್ಮ. ಆದರೆ ಸೂರ್ಯ ಚುಕ್ಕೆಯಲ್ಲ, ಅರ್ಧ ಡಿಗ್ರಿ ಅಗಲದ ಬಿಂಬ. ಹಾಗಾಗಿ ನೆರಳಿನ ಅಂಚು ಸುಮಾರು 14 ಸೆಂಟಿಮೀಟರ್ ಮಸುಕಾಗಿ ಹರಡಿರುತ್ತದೆ. ಕಾಲದ ಲೆಕ್ಕದಲ್ಲಿ ಅದು ಎರಡು ನಿಮಿಷ! ಬರಿಗಣ್ಣಿಗೆ ಅಂಚು ಎಲ್ಲಿದೆಯೆಂದೇ ತಿಳಿಯದು. ಇದಕ್ಕೊಂದು ಜಾಣ ಉಪಾಯವಿದೆ. ಬಿಗಿಯಾಗಿ ಎಳೆದು ಹಿಡಿದ ದಾರವನ್ನು, ಇಲ್ಲವೇ ತೆಳುವಾದ ಕಡ್ಡಿಯನ್ನು, ಪಟ್ಟಿಯಿಂದ ಒಂದೆರಡು ಸೆಂಟಿಮೀಟರ್ ಮೇಲೆ, ಗೋಡೆಯ ಅಂಚಿಗೆ ಸಮಾನಾಂತರವಾಗಿ ಹಿಡಿಯಬೇಕು. ಬೆಳಕಿನ ಕಡೆಯಿಂದ ಮಸುಕಿನೊಳಗೆ ನಿಧಾನವಾಗಿ ಸರಿಸುತ್ತಾ ಹೋದರೆ ದಾರದ ತೆಳು ನೆರಳು ಒಂದೆಡೆ ಮಾಯವಾಗುತ್ತದೆ. ಓದಬೇಕಾದ್ದು ಆ ಜಾಗವನ್ನು. ಕೈ ನಡುಗಿದರೆ, ದಾರ ಓರೆಯಾದರೆ ಲೆಕ್ಕ ತಪ್ಪಿತು. ಮೂರ್ನಾಲ್ಕು ಬಾರಿ ಮಾಡಿ ಸರಾಸರಿ ತೆಗೆಯಬೇಕು. ಕಲ್ಲಿನ ಗಾತ್ರಕ್ಕಿಂತ ಈ ದಾರವೇ ಹೆಚ್ಚಿನ ಸಾಧನೆ.

ಮೊಬೈಲ್ ತೆಗೆದು ಹೋಲಿಸಿ, ಯಂತ್ರ ತಪ್ಪು ತೋರಿಸುತ್ತಿದೆ ಎಂದುಕೊಳ್ಳುವವರು ಬಹಳ. ಯಂತ್ರ ತೋರಿಸುವುದು ಜೈಪುರದ ಸೂರ್ಯನ ಹೊತ್ತನ್ನು. ಭಾರತೀಯ ಕಾಲಮಾನ 82.5 ಡಿಗ್ರಿ ರೇಖಾಂಶದ್ದು, ಜೈಪುರ 75.8ರಲ್ಲಿದೆ, ಹಾಗಾಗಿ ಓದಿದ್ದಕ್ಕೆ ಸುಮಾರು 27 ನಿಮಿಷ ಸೇರಿಸಬೇಕು. (ಬೆಂಗಳೂರಿಗಾದರೆ 20.) ಅಷ್ಟಕ್ಕೇ ಮುಗಿಯಲಿಲ್ಲ. ಭೂಮಿಯ ಕಕ್ಷೆ ಅಂಡಾಕಾರ, ಅಕ್ಷ ಓರೆ. ಇದರಿಂದ ನವೆಂಬರ್ ಆರಂಭದಲ್ಲಿ ಸೂರ್ಯ ಗಡಿಯಾರಕ್ಕಿಂತ 16 ನಿಮಿಷ ಮುಂದಿರುತ್ತಾನೆ, ಫೆಬ್ರವರಿ ನಡುವಿನಲ್ಲಿ 14 ನಿಮಿಷ ಹಿಂದೆ. ಯಂತ್ರದಲ್ಲಿ ನಡುಮಧ್ಯಾಹ್ನವಾದಾಗ ಕೈಗಡಿಯಾರದಲ್ಲಿ ನವೆಂಬರ್‌ನಲ್ಲಾದರೆ ಸುಮಾರು 12.10, ಫೆಬ್ರವರಿಯಲ್ಲಾದರೆ 12.41.

ಜೈಸಿಂಗ್ ಪೋರ್ಚುಗಲ್‌ಗೆ ಜನರನ್ನು ಕಳಿಸಿ ಫ್ರೆಂಚ್ ಖಗೋಳಜ್ಞ ಲಾ ಹೈರ್‌ನ, ಸೂರ್ಯ ಚಂದ್ರರ ಸ್ಥಾನ ಲೆಕ್ಕ ಹಾಕುವ ಕೋಷ್ಟಕಗಳನ್ನು ತರಿಸಿಕೊಂಡ. ತನ್ನ ವೀಕ್ಷಣೆಗಳೊಂದಿಗೆ ಹೋಲಿಸಿ ನೋಡಿದರೆ ಚಂದ್ರನ ಸ್ಥಾನದಲ್ಲಿ ಅರ್ಧ ಡಿಗ್ರಿ ವ್ಯತ್ಯಾಸ! ಯುರೋಪ್ ಆಗಲೇ ದೂರದರ್ಶಕದ ದಾರಿ ಹಿಡಿದಿತ್ತು. ಬರಿಗಣ್ಣಿನ ವೀಕ್ಷಣೆಯನ್ನು ಇಷ್ಟು ದೊಡ್ಡ ಪ್ರಮಾಣದಲ್ಲಿ ಮಾಡಿದ ಕೊನೆಯ ಪ್ರಯತ್ನಗಳಲ್ಲಿ ಇದೊಂದು.

ಸಾಧ್ಯವಾದರೆ ಸೌರ ಮಧ್ಯಾಹ್ನಕ್ಕೆ ಐದು ನಿಮಿಷ ಮೊದಲೇ ಪಶ್ಚಿಮದ ಪಟ್ಟಿಯ ಬುಡದಲ್ಲಿ ನಿಲ್ಲಬೇಕು. ನೆರಳು ಗೋಡೆಯ ಕಾಲಿಗೆ ಬಂದು ಕರಗುತ್ತದೆ, ಆಚೆ ಬದಿಗೆ ಹೋಗುವಷ್ಟರಲ್ಲಿ ಪೂರ್ವದ ಪಟ್ಟಿಯ ಬುಡದಲ್ಲಿ ಕಪ್ಪು ಗೆರೆ ಮೂಡಿರುತ್ತದೆ.