ಕಿತ್ತಳೆ ಸಿಪ್ಪೆಯನ್ನು ಎಚ್ಚರಿಸುವ ಬೆಳಕು

ಕೊಯ್ದ ಹಣ್ಣು ಯಾಕೆ ಕೊಳೆಯುತ್ತದೆ ಎಂದು ನೋಡುವುದೇ ನನ್ನ ಕೆಲಸ. ಹಾಗಾಗಿ ನನ್ನ ಮೇಜಿನ ಮೇಲೆ ಒಳ್ಳೆ ಹಣ್ಣಿಗಿಂತ ಕೆಟ್ಟ ಹಣ್ಣೇ ಜಾಸ್ತಿ. ಕಿತ್ತಳೆ, ನಿಂಬೆಯ ಮಟ್ಟಿಗೆ ದೊಡ್ಡ ಖದೀಮ ಹಸಿರು ಬೂಷ್ಟು, ಪೆನಿಸಿಲಿಯಂ ಡಿಜಿಟೇಟಮ್. ಅದು ಒಳಗೆ ಹೋಗುವುದು ಗಾಯದ ಮೂಲಕ. ಕೀಳುವಾಗ ಆದ ಸಣ್ಣ ಗೀರು ಸಾಕು. ತಡೆಯಲು ಇಮಜಲಿಲ್‌ನಂಥ ಔಷಧಿಗಳಿವೆ. ಆದರೆ ಅವಕ್ಕೂ ಜಗ್ಗದ ಬೂಷ್ಟಿನ ತಳಿಗಳು ಬಂದುಬಿಟ್ಟಿವೆ.

ಅದಕ್ಕೇ ನನಗೆ ಯುವಿ-ಸಿ ಎಂಬ ನೇರಳಾತೀತ ಬೆಳಕಿನ ಮೇಲೆ ಆಸಕ್ತಿ. 254 ನ್ಯಾನೋಮೀಟರ್ ತರಂಗಾಂತರದ ಈ ಬೆಳಕು ಸಿಪ್ಪೆಯ ಮೇಲಿನ ಬೂಷ್ಟಿನ ಕಣಗಳನ್ನು ಕೊಲ್ಲುತ್ತದೆ, ನಿಜ. ಅಷ್ಟೇ ಆಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಹಣ್ಣಿಗೆ ಸ್ವಲ್ಪ ಬೆಳಕು ಕೊಟ್ಟು, ಒಂದೆರಡು ದಿನ ಸುಮ್ನೆ ಇಟ್ಟು, ಆಮೇಲೆ ಸೂಜಿಯಿಂದ ಚುಚ್ಚಿ ಗಾಯಕ್ಕೆ ಬೂಷ್ಟು ಹಚ್ಚಿ ನೋಡಿ. ಆಗಲೂ ಕೊಳೆ ಕಡಿಮೆ! ದೀಪ ಉರಿಯುವಾಗ ಆ ಬೂಷ್ಟು ಅಲ್ಲಿರಲೇ ಇಲ್ಲ, ಅಲ್ವಾ? ಅಂದರೆ ತಡೆದದ್ದು ಸಿಪ್ಪೆಯೇ.

ಮರದಿಂದ ಕಿತ್ತರೂ ಹಣ್ಣು ಸತ್ತಿರುವುದಿಲ್ಲ. ಉಸಿರಾಡುತ್ತಿರುತ್ತದೆ. ಬೆಳಕಿನ ಪೆಟ್ಟು ಬಿದ್ದಾಗ ಸಿಪ್ಪೆಯಲ್ಲಿ ರಕ್ಷಣೆಯ ವಸ್ತುಗಳ ತಯಾರಿಗೆ ಚಾಲನೆ ಕೊಡುವ ಪಿಎಎಲ್ ಎಂಬ ಕಿಣ್ವ ಚುರುಕಾಗುತ್ತದೆ. ಸ್ಕೋಪರೋನ್ ಎಂಬ ವಸ್ತು ಶೇಖರವಾಗುತ್ತದೆ. ಬೂಷ್ಟಿಗೆ ಇದು ಆಗಿಬರುವುದಿಲ್ಲ. ಬೂಷ್ಟಿನ ಜೀವಕೋಶದ ಗೋಡೆಯನ್ನೇ ಕರಗಿಸುವ ಕೈಟಿನೇಸ್‌ನಂಥ ಕಿಣ್ವಗಳೂ ಹೆಚ್ಚುತ್ತವೆ. ಇದಕ್ಕೆಲ್ಲ ಸಮಯ ಬೇಕು. ಆ ಒಂದೆರಡು ದಿನದ ಕಾಯುವಿಕೆ ಅದಕ್ಕಾಗಿ.

ಪ್ರಮಾಣದ್ದೇ ತಲೆನೋವು. ಕಡಿಮೆಯಾದರೆ ಸಿಪ್ಪೆ ಏಳುವುದಿಲ್ಲ. ಹೆಚ್ಚಾದರೆ ಕಂದು ಕಲೆ ಬಿದ್ದು ಹಣ್ಣು ಇನ್ನೂ ಬೇಗ ಕೆಡುತ್ತದೆ. ಒಂದು ತಳಿಗೆ ಸರಿಹೋದ ಲೆಕ್ಕ ಇನ್ನೊಂದಕ್ಕೆ ಹೊಂದುವುದಿಲ್ಲ. ಅದೇ ತಳಿಯನ್ನು ಹಂಗಾಮಿನ ಮೊದಲಲ್ಲಿ ಕಿತ್ತರೆ ಒಂದು ಥರ, ಕೊನೆಗೆ ಕಿತ್ತರೆ ಇನ್ನೊಂದು ಥರ. ಜೊತೆಗೆ ಈ ಬೆಳಕು ಆಳಕ್ಕೆ ಇಳಿಯುವುದಿಲ್ಲ. ನೆರಳಲ್ಲಿ ಉಳಿದ ಬದಿಗೆ ಬೆಳಕೇ ಬೀಳುವುದಿಲ್ಲ. ಹಾಗಾಗಿ ಪ್ರತಿ ಹಣ್ಣನ್ನೂ ದೀಪದ ಕೆಳಗೆ ಉರುಳಿಸಬೇಕು. ಲ್ಯಾಬಿನಲ್ಲಿ ಕೈಯಿಂದ ತಿರುಗಿಸುವುದು ಸುಲಭ. ಟನ್‌ಗಟ್ಟಲೆ ಹಣ್ಣು ಓಡುವ ಬೆಲ್ಟಿನ ಮೇಲೆ ಅಲ್ಲ.

ಹಾಗಾದರೆ ಗಾಮಾ ಕಿರಣ ಬಳಸಬಾರದೇ ಎಂದು ಕೇಳುತ್ತಾರೆ. ಅದು ಹಣ್ಣನ್ನು ಪೂರ್ತಿ ಹಾಯ್ದು ಹೋಗುತ್ತದೆ, ಸಿಪ್ಪೆಯ ಪಿಎಎಲ್ ಕಿಣ್ವವನ್ನೂ ಹೆಚ್ಚಿಸುತ್ತದೆ. ಆದರೆ ಬೂಷ್ಟನ್ನು ನೇರವಾಗಿ ಕೊಲ್ಲುವಷ್ಟು ಕೊಟ್ಟರೆ ಸಿಪ್ಪೆಯಲ್ಲಿ ಗುಳಿ ಬೀಳುತ್ತದೆ. (ಎರಡರಲ್ಲಿ ಯಾವುದೂ ಹಣ್ಣನ್ನು ವಿಕಿರಣಶೀಲ ಮಾಡುವುದಿಲ್ಲ. ನೆಂಟರು ಮೊದಲು ಕೇಳುವುದೇ ಇದನ್ನು!)

ನನ್ನ ಅನಿಸಿಕೆ ಕೇಳಿದರೆ, ಯುವಿ-ಸಿ ಒಂದನ್ನೇ ನಂಬಿ ಔಷಧಿ ಬಿಡುವುದು ಅವಸರ. ಗಾಯದೊಳಗೆ ಆಗಲೇ ಬೇರು ಬಿಟ್ಟ ಬೂಷ್ಟಿನ ಮೇಲೆ ಅದರ ಆಟ ನಡೆಯುವುದಿಲ್ಲ. ಬಿಸಿನೀರಿನ ಉಪಚಾರದ ಜೊತೆ ಸೇರಿಸಿ, ಔಷಧಿಯ ಪ್ರಮಾಣ ಇಳಿಸುವುದಕ್ಕೆ ಬಳಸುವುದಾದರೆ ನಾನು ಒಪ್ಪುತ್ತೇನೆ.