ಸಮಾಜಶಾಸ್ತ್ರ ಓದಿದರೆ ದುಡ್ಡು ಯಾರಿಗೆ?

ಮಾಟುಂಗಾದಲ್ಲಿ ಸಿಕ್ಕ ಭಾವನವರದ್ದು ಮತ್ತೆ ಅದೇ ರಾಗ: 'ಮಗಳು ಸಮಾಜಶಾಸ್ತ್ರ ಅಂತಾಳೆ, ಹೊಟ್ಟೆಗೇನು ಮಾಡ್ತಾಳೆ?' ಅಲ್ಲ ಭಾವ, ಮುಂಬೈಯ ಮಾರುಕಟ್ಟೆ ಸಮೀಕ್ಷೆಯವರು ಚಾಳಿನ ಮನೆಗಳಲ್ಲಿ ಕೂತು, ಸೋಪಿನ ಪುಡಿಯನ್ನು ಚಮಚದಲ್ಲಿ ಹಾಕ್ತಾರೋ ಮುಷ್ಟಿಯಲ್ಲೋ ಅಂತ ನೋಡೋದು ಮತ್ತೇನು? ಸಮಾಜಶಾಸ್ತ್ರದ ನಂಟಿನ ಮಾನವಶಾಸ್ತ್ರದವರ ಕೆಲಸವೇ. ಲಾಭ ಮಾತ್ರ ಸೋಪಿನ ಲೆಕ್ಕಕ್ಕೆ ಜಮೆ!

ಸಮಾಜವನ್ನೇ ಓದುವ ಅರ್ಥಶಾಸ್ತ್ರದ್ದೂ ಇದೇ ಕಥೆ. ಗೂಗಲ್ ಹುಡುಕಾಟದ ಜಾಹೀರಾತನ್ನೇ ತಗೊಳ್ಳಿ. ಅದರ ಜಾಗ ಹರಾಜಿನಲ್ಲಿ ಮಾರಾಟವಾಗುತ್ತೆ. ಗೆದ್ದವರು ತಾವು ಕೂಗಿದಷ್ಟು ಕೊಡಬೇಕಿಲ್ಲ. ಹೆಚ್ಚುಕಡಿಮೆ ತಮ್ಮ ಕೆಳಗಿನವರ ಕೂಗನ್ನು ಮೀರುವಷ್ಟು ಕೊಟ್ಟರೆ ಸಾಕು. ಇದರ ಹತ್ತಿರದ ನಂಟಿನ ಹರಾಜನ್ನು ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರಿ 1961ರಲ್ಲೇ ಬಿಡಿಸಿ ಬರೆದಿದ್ದರು. ಈಗ ಅದಕ್ಕೆಲ್ಲ 'ಟೆಕ್' ಅನ್ನೋ ಹೆಸರು. ಅವರಿಗೆ ರಾಯಲ್ಟಿ? ಎಲ್ಲಿಂದ ಬರಬೇಕು! 1996ರಲ್ಲಿ ನೊಬೆಲ್ ಘೋಷಣೆಯಾದ ಮೂರೇ ದಿನಕ್ಕೆ ತೀರಿಕೊಂಡರು. ಗೂಗಲ್ ಕಂಪನಿ ಶುರುವಾದದ್ದೇ 1998ರಲ್ಲಿ.