ಸಿದ್ದಾಪುರದ ಬೆಳಗ್ಗೆ 10, ಬ್ರೋಕನ್ ಹಿಲ್‌ನ ಮಧ್ಯಾಹ್ನ 2

ನಾನು ಉತ್ತರ ಕನ್ನಡದ ಸಿದ್ದಾಪುರದಲ್ಲಿ ಮನೆಯಿಂದಲೇ ಅಕೌಂಟ್ಸ್ ಕೆಲಸ ಮಾಡುತ್ತೇನೆ. ನೋಡುವುದು ಆಸ್ಟ್ರೇಲಿಯಾದ ಸಣ್ಣ ಊರುಗಳ ಅಂಗಡಿ, ವರ್ಕ್‌ಶಾಪ್‌ಗಳ ಲೆಕ್ಕ. ಬಿಲ್ ಎಂಟ್ರಿ, ಸಂಬಳ, ಮೂರು ತಿಂಗಳಿಗೊಮ್ಮೆ ಜಿಎಸ್‌ಟಿ. ಹೌದು, ಅಲ್ಲೂ ಜಿಎಸ್‌ಟಿ ಇದೆ, 2000ನೇ ಇಸವಿಯಿಂದ. ಈ ಕೆಲಸಕ್ಕೆ ಹೊಸಬರು ಸೇರಿದಾಗ ನಾನು ಮೊದಲ ದಿನವೇ ಒಂದು ಮಾತು ಹೇಳುತ್ತೇನೆ: ಗಿರಾಕಿಯ ರಾಜ್ಯ ನೋಡಿ ಸಮಯ ಲೆಕ್ಕ ಹಾಕಬೇಡಿ, ಊರು ನೋಡಿ.

ಇದಕ್ಕೆ ಕಾರಣ ಬ್ರೋಕನ್ ಹಿಲ್. ಅದು ಗಣಿಯ ಊರು. 1883ರಲ್ಲಿ ಅಲ್ಲಿ ಬೆಳ್ಳಿ, ಸೀಸ, ಸತುವಿನ ಅದಿರು ಸಿಕ್ಕಿತು. ಇರುವುದು ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ. ಆದರೆ ರಾಜಧಾನಿ ಸಿಡ್ನಿ ಸಾವಿರ ಕಿಲೋಮೀಟರಿಗಿಂತ ದೂರ. ಪಕ್ಕದ ರಾಜ್ಯದ ಅಡಿಲೇಡ್ ಸುಮಾರು 500 ಕಿಲೋಮೀಟರ್ ಅಷ್ಟೇ. ಅದಿರು ಸಾಗಿಸುವ ರೈಲು 1888ರಲ್ಲೇ ಅಡಿಲೇಡ್ ಇರುವ ಸೌತ್ ಆಸ್ಟ್ರೇಲಿಯಾದ ಕಡೆಯಿಂದ ಬಂತು. ಸಿಡ್ನಿಗೆ ನೇರ ರೈಲು ಸಿಕ್ಕಿದ್ದು 1927ರಲ್ಲಿ. ವ್ಯಾಪಾರ, ಓಡಾಟ ಎಲ್ಲ ಅಡಿಲೇಡ್ ಕಡೆಗಿದ್ದ ಊರು ಗಡಿಯಾರವನ್ನೂ ಅಡಿಲೇಡ್‌ನದ್ದೇ ಇಟ್ಟುಕೊಂಡಿತು. ಹಾಗಾಗಿ ಸ್ವಂತ ರಾಜಧಾನಿಗಿಂತ ಅರ್ಧ ಗಂಟೆ ಹಿಂದೆ. ಫೋನ್ ಕೋಡ್ ಕೂಡ ಅಡಿಲೇಡ್ ಕಡೆಯ 08.

ನಮಗೆ ಕೆಲಸ ಕೊಡುವ ಕಂಪನಿಯ ಕ್ಯಾಲೆಂಡರಿಗೆ ಇದು ಗೊತ್ತಿರಲಿಲ್ಲ. ವಿಳಾಸದಲ್ಲಿ ನ್ಯೂ ಸೌತ್ ವೇಲ್ಸ್ ಕಂಡರೆ ಸಿಡ್ನಿ ಸಮಯ ಹಾಕುತ್ತಿತ್ತು. ಮಧ್ಯಾಹ್ನ 2 ಗಂಟೆಗೆ ಅಂತ ಹೇಳಿದ್ದ ಕರೆ ಬ್ರೋಕನ್ ಹಿಲ್‌ನ ನಮ್ಮ ಗಿರಾಕಿ, ಒಂದು ವರ್ಕ್‌ಶಾಪಿನ ಮೇಡಂಗೆ ಒಂದೂವರೆಗೇ ಹೋಗುತ್ತಿತ್ತು, ಅವರು ಊಟಕ್ಕೆ ಕೂತಾಗ. ಪಾಪ, ಅವರು ಬೈಯಲಿಲ್ಲ. ಸುಮ್ನೆ ಫೋನ್ ಎತ್ತುವುದನ್ನೇ ಬಿಟ್ಟರು. ನಾವು ಕಾರಣ ಹುಡುಕಿ, ಸೆಟ್ಟಿಂಗ್‌ನಲ್ಲಿ ಸಿಡ್ನಿ ತೆಗೆದು ಬ್ರೋಕನ್ ಹಿಲ್ ಆರಿಸಿದ ಮೇಲೆ ಸರಿಹೋಯಿತು. ಕಂಪ್ಯೂಟರಿನ ಸಮಯ ವಲಯಗಳ ಪಟ್ಟಿಯಲ್ಲಿ ಆ ಊರಿನದ್ದೇ ಪ್ರತ್ಯೇಕ ಹೆಸರಿದೆ. ತುಂಬಾ ಜನ ಅಷ್ಟು ಕೆಳಗೆ ನೋಡುವುದೇ ಇಲ್ಲ.

ಇನ್ನೊಂದು ಗಿರಾಕಿ ಇರುವುದು ಕ್ವೀನ್ಸ್‌ಲ್ಯಾಂಡಿನ ಲಾಂಗ್‌ರೀಚ್‌ನಲ್ಲಿ. ಆಸ್ಟ್ರೇಲಿಯಾದ ಕೆಲವು ರಾಜ್ಯಗಳಲ್ಲಿ ಬೇಸಿಗೆ ಅಂತ ಗಡಿಯಾರವನ್ನು ಒಂದು ಗಂಟೆ ಮುಂದೆ ಮಾಡುತ್ತಾರೆ. ಕ್ವೀನ್ಸ್‌ಲ್ಯಾಂಡಿನಲ್ಲಿ ಹಾಗೆ ಮಾಡುವುದಿಲ್ಲ. ಲಾಂಗ್‌ರೀಚ್ ವರ್ಷಪೂರ್ತಿ ನಮಗಿಂತ ನಾಲ್ಕೂವರೆ ಗಂಟೆ ಮುಂದೆ. ಬ್ರೋಕನ್ ಹಿಲ್‌ನಲ್ಲಿ ಹಾಗಲ್ಲ. ಅವರ ಚಳಿಗಾಲದಲ್ಲಿ ನಮಗಿಂತ ನಾಲ್ಕು ಗಂಟೆ ಮುಂದೆ, ಅವರ ಬೇಸಿಗೆಯಲ್ಲಿ, ಅಂದರೆ ಅಕ್ಟೋಬರ್ ಮೊದಲ ಭಾನುವಾರದಿಂದ ಏಪ್ರಿಲ್ ಮೊದಲ ಭಾನುವಾರದವರೆಗೆ, ಐದು ಗಂಟೆ. ಅಂದರೆ ಆರು ತಿಂಗಳು ಲಾಂಗ್‌ರೀಚ್ ಮುಂದೆ, ಆರು ತಿಂಗಳು ಬ್ರೋಕನ್ ಹಿಲ್ ಮುಂದೆ. ಬ್ರೋಕನ್ ಹಿಲ್ ಇರುವುದು ಇನ್ನೂ ಪಶ್ಚಿಮಕ್ಕೆ! ಭೂಪಟ ನೋಡಿ ಊಹೆ ಮಾಡಿದರೆ ಕೆಟ್ಟಿತು, ಅಲ್ವಾ?

ಈ ಒಂದು ಗಂಟೆ ನಮ್ಮ ಇಡೀ ದಿನವನ್ನೇ ಬದಲಿಸುತ್ತದೆ. ಬ್ರೋಕನ್ ಹಿಲ್‌ನವರ ಬೆಳಗ್ಗೆ 9ರಿಂದ ಸಂಜೆ 5 ಅಂದರೆ ಅವರ ಚಳಿಗಾಲದಲ್ಲಿ ನಮಗೆ ಬೆಳಗಿನ ಜಾವ 5ರಿಂದ ಮಧ್ಯಾಹ್ನ 1. ಬೇಸಿಗೆಯಲ್ಲಿ 12ಕ್ಕೇ ಅವರು ಬಾಗಿಲು ಹಾಕುತ್ತಾರೆ. ಹಾಗಾಗಿ ಕೇಳಬೇಕಾದ ಪ್ರಶ್ನೆಗಳನ್ನೆಲ್ಲ ನಾವು ತಿಂಡಿಗೆ ಮುಂಚೆಯೇ ಕಳಿಸುತ್ತೇವೆ. ಹೊಸಬರಿಗೆ ಇದು ಕಷ್ಟ. ಅವರು ಬೆಳಗ್ಗೆ ಎಂಟ್ರಿ ಮಾಡುತ್ತಾ ಕೂತು, ಅನುಮಾನಗಳನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳುತ್ತಾರೆ. ಅಷ್ಟರಲ್ಲಿ ಉತ್ತರ ಕೊಡುವವರು ಮನೆಗೆ ಹೋಗಿರುತ್ತಾರೆ. ಶುಕ್ರವಾರ ಹಾಗಾದರೆ ಸೋಮವಾರದವರೆಗೆ ಕಾಯಬೇಕು. ಮಧ್ಯಾಹ್ನದ ಮೇಲೆ ಯಾರ ಫೋನೂ ಇಲ್ಲ. ತಲೆ ಜಾಸ್ತಿ ಓಡಿಸಬೇಕಾದ ಲೆಕ್ಕಗಳನ್ನು ನಾನು ಆಗ ಮಾಡುತ್ತೇನೆ.

ಅಕ್ಟೋಬರ್‌ನಲ್ಲಿ ಇನ್ನೊಂದು ತೊಡಕು. ಜುಲೈಯಿಂದ ಸೆಪ್ಟೆಂಬರ್‌ವರೆಗಿನ ಜಿಎಸ್‌ಟಿ ವಿವರ ಕೊಡಲು ಸಾಮಾನ್ಯವಾಗಿ ಅಕ್ಟೋಬರ್ 28 ಕಡೆಯ ದಿನ. ಅತಿ ಹೆಚ್ಚು ಮಾತಾಡಬೇಕಾದ ತಿಂಗಳಲ್ಲೇ ಬ್ರೋಕನ್ ಹಿಲ್ ಜೊತೆಗಿನ ನಮ್ಮ ಬೆಳಗ್ಗೆ 10ರ ಮೀಟಿಂಗ್ 9ಕ್ಕೆ ಬರುತ್ತದೆ. ನಮ್ಮ ಗಡಿಯಾರ ಬದಲಾಗುವುದಿಲ್ಲವಾದ್ದರಿಂದ ನಮಗೆ ಯಾರೂ ನೆನಪಿಸುವುದಿಲ್ಲ. ಅದಕ್ಕೆ ಸೆಪ್ಟೆಂಬರ್ ಕೊನೆಯ ವಾರದಲ್ಲಿ ನಾನೇ ಎರಡೂ ಕಡೆಗೆ ಒಂದು ಸಂದೇಶ ಹಾಕುತ್ತೇನೆ. ಅದರಲ್ಲಿ ವಾರ, ತಾರೀಖು, ಎರಡೂ ಊರಿನ ಹೆಸರು, ಎರಡೂ ಸಮಯ ಇರುತ್ತವೆ. ಬರೀ 'ನಿಮ್ಮ ಸಮಯ' ಅಂತ ಬರೆಯುವುದಿಲ್ಲ. ಲಾಂಗ್‌ರೀಚ್‌ನವರಿಗೂ ಬೇರೆಯಾಗಿ ಬರೆಯುತ್ತೇನೆ, ಅವರ ಮೀಟಿಂಗ್ ಬದಲಾಗಿಲ್ಲ ಅಂತ.